ಕ್ಯಾಟಲಿಸ್ಟ್ ಕೆಟ್ಟಿಲ್ಲ, ಸೌದೆ ಹಸಿ

ಕೇಳುಗರಿಗೆ ನಮಸ್ಕಾರ. ಮನೆ ಬೆಚ್ಚಗಿಡಲು ಕ್ಯಾಟಲಿಸ್ಟ್ ಇರುವ ಸೌದೆ ಒಲೆ ಹಾಕಿಸಿಕೊಂಡವರ ಜೊತೆ ಇವತ್ತು ನನ್ನ ಮಾತು. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಮಣಿಯಲ್ಲಿ ಹೊಗೆ ಕಂಡ ತಕ್ಷಣ "ಕ್ಯಾಟಲಿಸ್ಟ್ ಕೆಟ್ಟುಹೋಯಿತು" ಅನ್ನಬೇಡಿ. ಒಂದು ಹೋಳು ಸೌದೆ ತೆಗೆದುಕೊಳ್ಳಿ. ಸೀಳಿ. ಒಳಗೆ ಒಣಗಿದೆಯಾ ನೋಡಿ.

ಕ್ಯಾಟಲಿಸ್ಟ್ ಅಂದರೆ ಏನು? ಹೊಗೆ ಚಿಮಣಿಗೆ ಹೋಗುವ ದಾರಿಯಲ್ಲಿ ಕೂರಿಸಿರುವ ಒಂದು ದಪ್ಪ ಬಿಲ್ಲೆ. ಪಿಂಗಾಣಿಯದ್ದಿರಬಹುದು, ಸ್ಟೀಲಿನದ್ದಿರಬಹುದು. ಅದರ ತುಂಬ ಈ ಕಡೆಯಿಂದ ಆ ಕಡೆಗೆ ಹಾಯುವ ಸಣ್ಣ ಸಣ್ಣ ತೂತುಗಳು. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ ಲೋಹಗಳ ತೆಳು ಲೇಪ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇರುವುದು ಅದರಿಂದ ಏಳುವ ಅನಿಲದಲ್ಲಿ. ಆ ಅನಿಲ ಉರಿಯದೆ ಮೇಲೆ ಹೋದರೆ ಅದೇ ಹೊಗೆ. ಹೊಗೆ ತಾನಾಗಿ ಹೊತ್ತಿಕೊಳ್ಳಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಈ ಲೇಪಕ್ಕೆ ತಗುಲಿದರೆ 260ರ ಹತ್ತಿರವೇ ಉರಿಯಲು ಶುರುವಾಗುತ್ತದೆ. ಇಷ್ಟೇ ಅದರ ಕೆಲಸ. ಎಷ್ಟು ಸೊಗಸಾದ ಕೆಲಸ ನೋಡಿ! ಸುಮ್ನೆ ಆಕಾಶಕ್ಕೆ ಹೋಗುತ್ತಿದ್ದ ಶಾಖ ನಿಮ್ಮ ಕೋಣೆಗೆ ಬರುತ್ತದೆ.

ಆದರೆ 260 ಆಗುವವರೆಗೆ ಕಾಯಬೇಕು. ಇಲ್ಲೇ ಜನ ಅವಸರ ಮಾಡುತ್ತಾರೆ. ಒಲೆಯಲ್ಲಿ ಬೈಪಾಸ್ ಮುಚ್ಚಳ ಇರುತ್ತದೆ ಅಲ್ವಾ, ಅದು ತೆರೆದಿದ್ದರೆ ಹೊಗೆ ನೇರವಾಗಿ ಚಿಮಣಿಗೆ, ಮುಚ್ಚಿದರೆ ಕ್ಯಾಟಲಿಸ್ಟಿನ ಮೂಲಕ. ಬೆಂಕಿ ಹಚ್ಚುವಾಗ ತೆರೆದಿಡಿ. ಕ್ಯಾಟಲಿಸ್ಟಿನ ಥರ್ಮಾಮೀಟರಿನ ಮುಳ್ಳು 260 ದಾಟಿದ ಮೇಲೆ ಮುಚ್ಚಿ. ಎಲ್ಲಾ ಸರಿಯಿದ್ದರೆ ಮುಳ್ಳು ತಾನಾಗಿ ಏರುತ್ತಾ 550, 600, 700ಕ್ಕೆ ಬರುತ್ತದೆ. ಗಾಜಿನ ಹಿಂದೆ ಕುಣಿಯುವ ಉರಿ ನೋಡಿ ನಿರ್ಧಾರ ಮಾಡಬೇಡಿ. ಬಿಲ್ಲೆ ಕೆಂಪಗೆ ಹೊಳೆಯುತ್ತಿಲ್ಲ ಅಂತ ಗಾಬರಿಯೂ ಬೇಡ, ಹೊಳೆಯದೆಯೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಳ್ಳು ನೋಡಿ. ಆಮೇಲೆ ಹೊರಗೆ ಹೋಗಿ ಚಿಮಣಿಯ ಬಾಯಿ ನೋಡಿ. ಬೆಳ್ಳಗೆ ಬಂದು ಸ್ವಲ್ಪ ದೂರದಲ್ಲೇ ಕರಗಿದರೆ ಅದು ಹಬೆ. ನೀಲಿ, ಬೂದು ಬಣ್ಣದಲ್ಲಿ ಎಳೆದುಕೊಂಡು ಹೋದರೆ ಅದು ಹೊಗೆ.

ಒಂದು ಮನೆಯ ಕಥೆ ಹೇಳಲೇಬೇಕು. ಆ ಮನೆಯ ಯಜಮಾನರು ಫೋನ್ ಮಾಡಿದರು. "ಕ್ಯಾಟಲಿಸ್ಟ್ ಸತ್ತಿತ್ತು ಸಾರ್, ಹೊಸದು ತರಿಸಿ ಹಾಕಿದೆ. ಹೊಸದೂ ಸತ್ತಿದೆ. ಮುಳ್ಳು 200 ದಾಟುತ್ತಿಲ್ಲ." ಹೊಸದು ಹಾಗೆ ಸಾಯುವುದಿಲ್ಲ ಅಂದೆ. ಅವರು ಒಪ್ಪಲಿಲ್ಲ. ಸರಿ, ಹೋದೆ.

ಹೋದವನು ಒಲೆಯ ಹತ್ತಿರ ಹೋಗಲಿಲ್ಲ, ಸೌದೆ ಎಲ್ಲಿ ಅಂತ ಕೇಳಿದೆ. ಗೋಡೆಗೆ ಒತ್ತಿ ಅಚ್ಚುಕಟ್ಟಾಗಿ ಜೋಡಿಸಿದ್ದರು. ಮೇಲಿನಿಂದ ನೆಲದವರೆಗೂ ಪ್ಲಾಸ್ಟಿಕ್ ಹೊದಿಕೆ. ಎಲ್ಲಾ ದಪ್ಪ ದಪ್ಪ ದಿಮ್ಮಿಗಳು, ಒಂದನ್ನೂ ಸೀಳಿರಲಿಲ್ಲ. ತುದಿಗಳು ಬಿರುಕು ಬಿಟ್ಟು ಬೂದು ಬಣ್ಣಕ್ಕೆ ತಿರುಗಿದ್ದವು. "ಒಣಗಿ ವರ್ಷದ ಮೇಲಾಯ್ತು ಸಾರ್" ಅಂದರು. ತೇವ ಅಳೆಯುವ ಮೀಟರಿನ ಸೂಜಿಗಳನ್ನು ತುದಿಗೆ ಚುಚ್ಚಿದೆ. 16 ಪರ್ಸೆಂಟ್. ಅವರ ಮುಖದಲ್ಲಿ ಗೆದ್ದ ಖುಷಿ. ಕೊಡಲಿ ಕೊಡಿ ಅಂದೆ. ಒಂದು ದಿಮ್ಮಿ ನಡುವೆ ಸೀಳಿ, ಸೀಳಿದ ಮೈಯನ್ನು ಅವರ ಕೆನ್ನೆಗೆ ಹಿಡಿದೆ. ತಣ್ಣಗೆ ಹತ್ತಿತು. ಅದೇ ಮೈಗೆ ಮೀಟರ್ ಚುಚ್ಚಿದೆ. 32! ಅವರು ಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೆರಡು ಕಡೆ ಚುಚ್ಚಿ ನೋಡಿದರು.

ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಅರ್ಧ ನೀರೇ. ಸೀಳದ ದಿಮ್ಮಿಯಿಂದ ಆ ನೀರು ಸುಲಭಕ್ಕೆ ಹೋಗುವುದಿಲ್ಲ. ಗಾಳಿಯಾಡದ ಹೊದಿಕೆಯ ಒಳಗಂತೂ ಇಲ್ಲವೇ ಇಲ್ಲ. ಅಂಥ ಸೌದೆ ಒಲೆಗೆ ಹಾಕಿದರೆ ಬೆಂಕಿಯ ಶಾಖವೆಲ್ಲ ನೀರು ಆವಿ ಮಾಡುವುದಕ್ಕೇ ಖರ್ಚು. ಮುಳ್ಳು ಏರುವುದಾದರೂ ಹೇಗೆ?

ಮನೆಯೊಳಗೆ ಬಣ್ಣ ಹಚ್ಚದ ಹಳೆಯ ಮರದ ತುಂಡುಗಳಿದ್ದವು, ಚೆನ್ನಾಗಿ ಒಣಗಿದ್ದವು. ಅವನ್ನು ಹಾಕಿ ಹಚ್ಚಿದೆವು. ಮುಳ್ಳು 260 ದಾಟಿತು, ಇನ್ನೂ ಸ್ವಲ್ಪ ಏರಲು ಬಿಟ್ಟು ಬೈಪಾಸ್ ಮುಚ್ಚಿದೆ. ಉರಿ ತಗ್ಗಿತು, ಮುಳ್ಳು ಮಾತ್ರ ಏರುತ್ತಲೇ ಹೋಯಿತು. 600 ದಾಟಿದಾಗ ಹೊರಗೆ ಬಂದು ತಲೆ ಎತ್ತಿದೆವು. ಚಿಮಣಿಯ ಬಾಯಲ್ಲಿ ಬಿಸಿ ಗಾಳಿ ನಡುಗುವುದು ಬಿಟ್ಟರೆ ಏನೂ ಇಲ್ಲ. ಮರುದಿನ ಒಲೆ ತಣಿದ ಮೇಲೆ, "ಸತ್ತ" ಹಳೆಯ ಕ್ಯಾಟಲಿಸ್ಟನ್ನೇ ಮತ್ತೆ ಹಾಕಿಸಿದೆ. ಅದೂ 600 ದಾಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಪಾಪ, ಹೊಸದರ ದುಡ್ಡು ದಂಡ.

ಅದಕ್ಕೇ ಹೇಳುವುದು, ಸೀಳಿ ನೋಡಿ. ಸೀಳಿದ ಮೈಯಲ್ಲಿ, ನಡುಭಾಗದಲ್ಲಿ ಅಳೆಯಿರಿ. 20ರ ಒಳಗಿದ್ದರೆ ಮಾತ್ರ ಒಲೆಗೆ. ಸೌದೆಯನ್ನು ಸೀಳಿ ಜೋಡಿಸಿ, ಮೇಲೆ ಮಾತ್ರ ಹೊದಿಸಿ, ಪಕ್ಕಗಳಲ್ಲಿ ಗಾಳಿ ಆಡಲಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸೌದೆ ಒಣಗಿದೆ, ಆದರೂ ಹೊಗೆ ಒಳಗೆ ನುಗ್ಗುತ್ತಿದೆ, ಬೆಂಕಿ ಮಂಕಾಗಿದೆ ಅಂದರೆ ತೂತುಗಳಲ್ಲಿ ಬೂದಿ ಕಟ್ಟಿಕೊಂಡಿದೆ. ಒಲೆ ಪೂರ್ತಿ ತಣಿದ ಮೇಲೆ ಮೃದು ಬ್ರಷ್ಷಿನಿಂದ ಸವರಿ. ಕಡ್ಡಿ ಹಾಕಿ ಕೆದಕಬೇಡಿ, ಲೇಪ ಉದುರುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್, ಕಸ ಯಾವುದನ್ನೂ ಉರಿಸಬೇಡಿ, ಸೀಸ, ಸತು, ಗಂಧಕ ಆ ಲೇಪಕ್ಕೆ ವಿಷ. ಒಲೆಯ ಬಾಗಿಲು ತೆರೆಯುವ ಮುಂಚೆ ಬೈಪಾಸ್ ತೆರೆಯಿರಿ. ಕೆಂಡದಂತೆ ಕಾದ ಪಿಂಗಾಣಿಯ ಕೆಳಗೆ ಹಸಿ ಸೌದೆ ತುಂಬಿದರೆ ಅದು ಬಿರಿಯುತ್ತದೆ. ನೋಡಿ, ಮತ್ತೆ ಹಸಿ ಸೌದೆಗೇ ಬಂತು! ಮುಳ್ಳು 900ರ ಕಡೆಗೆ ಓಡುತ್ತಿದ್ದರೆ ಗಾಳಿ ತಗ್ಗಿಸಿ, ಬಾಗಿಲಿನ, ಬೈಪಾಸಿನ ಗ್ಯಾಸ್ಕೆಟ್, ಅಂದರೆ ಸಂದಿನಲ್ಲಿ ಗಾಳಿ ನುಗ್ಗದಂತೆ ಕೂರಿಸಿರುವ ಪಟ್ಟಿ, ಸವೆದಿದೆಯಾ ಪರೀಕ್ಷಿಸಿ.

ಒಣ ಸೌದೆ, ತೆರೆದ ತೂತು, ಸರಿಯಾದ ಗ್ಯಾಸ್ಕೆಟ್, ಎಲ್ಲಾ ಇದ್ದೂ ಮುಳ್ಳು ಏರದಿದ್ದರೆ ಕ್ಯಾಟಲಿಸ್ಟ್ ತೆಗೆಯಿರಿ. ಅರ್ಧ ಬಿಳಿ ವಿನಿಗರ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಅದರಲ್ಲಿ ಅರ್ಧ ಗಂಟೆ ಸಣ್ಣಗೆ ಕುದಿಸಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಆಗ ಹೊಸದು ತನ್ನಿ. ನಮಸ್ಕಾರ.