ಚರೆ ತೋಟೆ ಎಷ್ಟು ಅಡಿಕೆ ಮರದವರೆಗೆ?

ನಮಸ್ಕಾರ, ಇವತ್ತು ಕಾರ್ಕಳದಿಂದ ಒಳಗೆ, ಮಾವನ ತೋಟದಲ್ಲಿದ್ದೇನೆ. ಮೊದಲೇ ಹೇಳಿಬಿಡ್ತೇನೆ, ಈ ವಿಡಿಯೊದಲ್ಲಿ ಈಡು ಹೊಡೆಯುವುದಿಲ್ಲ. ಮಾವನ ಕೋವಿಗೆ ಇರುವುದು ಬೆಳೆ ರಕ್ಷಣೆಯ ಲೈಸೆನ್ಸ್, ನಮ್ಮ ಚಾನೆಲ್ ರಕ್ಷಣೆಯದ್ದಲ್ಲ. ಅದಕ್ಕೇ ಈ ನೀಲಿ ಟರ್ಪಾಲು, ಚಾಕ್‌ಪೀಸ್, ಮತ್ತೆ ಅತ್ತೆಯ ಸ್ಟಿಕ್ಕರ್ ಬೊಟ್ಟು. ಚರೆ ಅಂದರೆ ತೋಟೆಯ (ಕಾರ್ಟ್ರಿಡ್ಜಿನ) ಒಳಗಿನ ಸೀಸದ ಗುಂಡುಗಳು. ಅವು ಎಷ್ಟು ದೂರಕ್ಕೆ ಎಷ್ಟು ಹರಡುತ್ತವೆ ಅಂತ ಟರ್ಪಾಲಿನ ಮೇಲೆ ವೃತ್ತ ಬರೆದು ತೋರಿಸ್ತೇನೆ, ಒಂದು ಬೊಟ್ಟು ಅಂದರೆ ಒಂದು ಚರೆ.

ಬೊಟ್ಟು ಒಂಬತ್ತು ಸಾಕು. 12 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಮಾಮೂಲಿ ತೋಟೆಯಲ್ಲಿ 8.4 ಮಿ.ಮೀ. ಚರೆ ಒಂಬತ್ತು ಹಿಡಿಯುತ್ತದೆ. ಒಂದೊಂದೂ ಒಣ ಬಟಾಣಿಯಷ್ಟು. ಅಮೆರಿಕದವರು ಇದನ್ನು ಡಬಲ್ ಆಟ್ ಬಕ್‌ಶಾಟ್ ಅಂತಾರೆ, ಬ್ರಿಟಿಷ್ ಲೆಕ್ಕದಲ್ಲಿ ಎಸ್‌ಜಿ. ಎಲ್‌ಜಿ ಅನ್ನುವ ಚರೆ ಇನ್ನೂ ದಪ್ಪ, ಹಾಗಾಗಿ ಸಂಖ್ಯೆ ಕಡಿಮೆ.

ದೂರಕ್ಕೆ ಟೇಪ್ ಬೇಡ. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ, 2.7 ಮೀಟರ್. ಎಣಿಸಿಕೊಂಡು ಹೋದರೆ ಆಯ್ತು.

ಹಳಬರ ಲೆಕ್ಕ ಒಂದುಂಟು: ಚೋಕ್ ಇಲ್ಲದ, ಅಂದರೆ ತುದಿ ಬಿಗಿ ಮಾಡದ ನಳಿಗೆಯಲ್ಲಿ ಗಜಕ್ಕೆ ಒಂದು ಇಂಚು ಹರಡುತ್ತದೆ. ನಾಲ್ಕು ಮರದಾಚೆ, ಅಂದರೆ 11 ಮೀಟರಿಗೆ, ಹರಡುವುದು 30 ಸೆಂ.ಮೀ. ಅಷ್ಟೇ ಮಾರಾಯ್ರೆ! ಸಿನಿಮಾದಲ್ಲಿ ಒಂದೇ ಈಡಿಗೆ ಐದು ಜನ ಹಾರಿಬೀಳ್ತಾರಲ್ಲ, ಅದು ಬರೀ ಬೊಗಳೆ. ಹೊಸ ತೋಟೆಯ ಒಳಗೆ ಪ್ಲಾಸ್ಟಿಕ್ ಕಪ್ ಇದ್ದರೆ ಇದಕ್ಕಿಂತಲೂ ಕಡಿಮೆ ಹರಡುತ್ತದೆ. ಹತ್ತಿರದಲ್ಲಿ ಸರಿಯಾಗಿ ಗುರಿ ಹಿಡಿಯದಿದ್ದರೆ ಒಂಬತ್ತೂ ಒಟ್ಟಿಗೇ ಪಕ್ಕದಲ್ಲಿ ಹೋಗುತ್ತವೆ.

ಇದು ಏಳನೇ ಮರ. 19 ಮೀಟರ್, ಅರ್ಧ ಮೀಟರ್ ಅಗಲ. ಇನ್ನೂ ಪರವಾಗಿಲ್ಲ.

ಕೋವಿ ಎಲ್ಲಿ, ತೋರಿಸಿ ಅಂತ ಕೇಳ್ತೀರಿ, ಗೊತ್ತು. ಕೋವಿ ಠಾಣೆಯಲ್ಲಿದೆ. ಚುನಾವಣೆ ಅಲ್ವಾ! ನೀತಿ ಸಂಹಿತೆ ಬಂತು ಅಂದರೆ ಇಲ್ಲಿನ ಕೃಷಿಕರೆಲ್ಲ ಕೋವಿ ಹೊತ್ತುಕೊಂಡು ಠೇವಣಿ ಇಡಲು ಹೊರಡಬೇಕು. ಮಾವನಿಗೆ ಎಪ್ಪತ್ತು ದಾಟಿದೆ. ಗೋಣಿ ಸುತ್ತಿದ ಕೋವಿ ಹಿಡಿದು ಬಸ್ಸಿಗೆ ಹತ್ತಿದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ರಿಕ್ಷಾಕ್ಕೆ ಹೋಗಿ ಬರಲು ನಾನ್ನೂರು ರೂಪಾಯಿ. ಅಲ್ಲಿ ಲೈಸೆನ್ಸಿನ ಜೆರಾಕ್ಸ್ ಬೇಕು ಅಂತಾರೆ, ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇಲ್ಲ. ಫಲಿತಾಂಶ ಬಂದ ಮೇಲೆ ವಾಪಸ್ ತರುವಾಗ ನಮ್ಮ ಕರಾವಳಿಯ ಗಾಳಿಗೆ ನಳಿಗೆಗೆ ತುಕ್ಕು. ಪೊಲೀಸರಾದರೂ ಎಂತ ಮಾಡ್ತಾರೆ, ಮೇಲಿನ ಆದೇಶ. ಆದರೆ ಹಂದಿಗೆ ನೀತಿ ಸಂಹಿತೆ ಇಲ್ಲ ನೋಡಿ. ಆ ಬಾಳೆ ಬುಡ ಅಗೆದು ಹಾಕಿದ್ದು ನಿನ್ನೆ ರಾತ್ರಿ.

ಅಯ್ಯೋ, ಕ್ಯಾಮೆರಾ ಹದಿಮೂರನೇ ಮರ ತಲುಪಿಯಾಯ್ತು. 35 ಮೀಟರ್. ಈ ದೊಡ್ಡ ವೃತ್ತ ಹತ್ತಿರ ಹತ್ತಿರ ಒಂದು ಮೀಟರ್. ಒಂಬತ್ತು ಬೊಟ್ಟು ಅಂಟಿಸಿದ್ದೇನೆ, ಎಲ್ಲಿವೆ ಅಂತ ಹುಡುಕಬೇಕು! ಹಂದಿಯ ಎದೆ ಭಾಗ ಅಂತ ಬರೆದ ಆ 25 ಸೆಂಟಿಮೀಟರಿನ ವೃತ್ತದೊಳಗೆ ಬಿದ್ದದ್ದು ಒಂದೇ ಬೊಟ್ಟು. ಪ್ರಾಣಿ ಸಾಯುವುದಿಲ್ಲ, ಗಾಯ ಮಾಡಿಕೊಂಡು ಕಾಡಿಗೆ ಓಡುತ್ತದೆ. ದೊಡ್ಡ ಚರೆಯ ಆಟ 35 ಮೀಟರಿನ ಆಸುಪಾಸಿಗೆ ಮುಗಿಯುತ್ತದೆ ಅನ್ನುವುದು ಇದಕ್ಕೇ. ಹಾಗಂತ ಬೆಳೆ ರಕ್ಷಣೆ ಲೈಸೆನ್ಸ್ ಇದ್ದ ಕೂಡಲೇ ಹಂದಿ ಹೊಡೆಯಬಹುದು ಅಂತಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಾವ ಹೊಡೆಯುವುದು ಸದ್ದಿಗೆ.

ಚೋಕ್ ಅಂದರೆ ನಳಿಗೆಯ ತುದಿ ಸ್ವಲ್ಪ ಬಿಗಿ ಮಾಡುವುದು. ಫುಲ್ ಚೋಕಿನಲ್ಲಿ ಬಿಗಿಯಾಗುವುದು ಸುಮಾರು ಒಂದು ಮಿ.ಮೀ. ಮಾತ್ರ. ನನ್ನ ಪ್ರಕಾರ ದೊಡ್ಡ ಚರೆಗೆ ಇದು ಸುಮ್ನೆ ಖರ್ಚು. ಆ ಬಿಗಿಯಲ್ಲಿ ಸೀಸದ ಚರೆ ಒಂದಕ್ಕೊಂದು ಒತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಗಾಳಿಯಲ್ಲಿ ನೇರ ಹೋಗುವುದಿಲ್ಲ. ಆದರೆ ಸಣ್ಣ ಚರೆಗೆ ಲೆಕ್ಕ ಬೇರೆ. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಚೋಕ್ ಇಲ್ಲದಿದ್ದರೆ ಸುಮಾರು 40 ಶೇಕಡ ಬೀಳುತ್ತದೆ, ಫುಲ್ ಚೋಕಿಗೆ 70. ಸರಿ, ಹಾಗಾದರೆ ಚೋಕೇ ಸುಮ್ನೆ ಖರ್ಚು ಅನ್ನುವ ಹಾಗಿಲ್ಲ. ಮೇಲಾಗಿ ಒಂದೊಂದು ಕೋವಿಗೆ ಒಂದೊಂದು ತೋಟೆ ಹೊಂದುತ್ತದೆ.

ಒಂದು ಮುಖ್ಯ ವಿಷಯ. ಕ್ಯಾಮೆರಾ ತಿರುಗಿಸ್ತೇನೆ, ನೋಡಿ. ಮರಗಳ ಆಚೆ ಹೆಂಚಿನ ಮಾಡು ಕಾಣ್ತದಾ? ಇಲ್ಲಿಂದ 200 ಮೀಟರ್ ಇರಬಹುದು. ಚರೆಯ ಕೆಲಸ 35 ಮೀಟರಿಗೆ ಮುಗಿದರೂ ಚರೆ ಅಲ್ಲೇ ನಿಲ್ಲುವುದಿಲ್ಲ. ಕೋನ ಸಿಕ್ಕಿದರೆ ಅರ್ಧ ಕಿಲೋಮೀಟರ್ ದಾಟುತ್ತದೆ. ನಮ್ಮ ಜಿಲ್ಲೆಯಲ್ಲಿ ತೋಟಕ್ಕೊಂದು ಮನೆ. ಯಾರೂ ಇಲ್ಲದ ದಿಕ್ಕು ಅಂತ ಒಂದೂ ಇಲ್ಲ. ತಪ್ಪಿಹೋದ ಆ ಎಂಟು ಚರೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಕೋವಿಯ ಕುದುರೆಗೆ (ಟ್ರಿಗರಿಗೆ) ಬೆರಳೇ ಇಡಬೇಡಿ.

ಮಳೆ ಬಂತು ಮಳೆ ಬಂತು, ಟರ್ಪಾಲು ಬಿಚ್ಚಬೇಕು. ಮೈಕ್ ಒದ್ದೆಯಾಗ್ತಿದೆ, ಕಟ್ ಮಾಡ್ತೇನೆ.