ಕೆಲಸ ಮಾಡಿಸಿದ ಮೇಲೆ ಅದನ್ನು ನೋಡುತ್ತೀರಾ?

(ತೆರೆಯ ಮೇಲೆ: ಅಕ್ಷರಗಳಿಂದ ತುಂಬಿದ ಒಂದು ಹಾಳೆ)

ನಮಸ್ಕಾರ. ಈ ಹಾಳೆಯಲ್ಲಿ ಎರಡು 'ಎಸ್' ಅಕ್ಕಪಕ್ಕ ಎಲ್ಲಿ ಬಂದಿವೆ ಅಂತ ಹುಡುಕಬೇಕು. ಮೊದಲ ಹಾಳೆಗೆ 55 ಸೆಂಟ್. ಮುಂದಿನ ಪ್ರತಿ ಹಾಳೆಗೂ 5 ಸೆಂಟ್ ಕಡಿಮೆ ಆಗುತ್ತಾ ಹೋಗುತ್ತದೆ. ಸಾಕು ಅನ್ನಿಸಿದಾಗ ಎದ್ದು ಹೋಗಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಡ್ಯಾನ್ ಏರಿಯೆಲಿ ಮತ್ತು ಇನ್ನಿಬ್ಬರು ಸಂಶೋಧಕರು ಮಾಡಿದ ಈ ಪ್ರಯೋಗ 2008ರಲ್ಲಿ ಪ್ರಕಟವಾಯಿತು.

(ತೆರೆಯ ಮೇಲೆ: ಮೂರು ಮೇಜುಗಳು)

ಮೊದಲ ಗುಂಪಿನವರು ಹಾಳೆಯ ಮೇಲೆ ಹೆಸರು ಬರೆದು ಕೊಡುತ್ತಿದ್ದರು. ತೆಗೆದುಕೊಂಡವರು ಮೇಲಿಂದ ಕೆಳಗೆ ಕಣ್ಣಾಡಿಸಿ ಫೈಲಿಗೆ ಸೇರಿಸುತ್ತಿದ್ದರು. ಎರಡನೇ ಗುಂಪಿನ ಹಾಳೆಯಲ್ಲಿ ಹೆಸರಿಲ್ಲ. ಅದನ್ನು ನೋಡದೆ ರಾಶಿಗೆ ಹಾಕುತ್ತಿದ್ದರು. ಮೂರನೆಯವರ ಹಾಳೆ ಅವರ ಕಣ್ಣೆದುರೇ ಕಾಗದ ಚೂರು ಮಾಡುವ ಶ್ರೆಡರ್ ಮೆಷಿನ್‌ಗೆ!

ಮೊದಲ ಗುಂಪು ಸರಾಸರಿ 9 ಹಾಳೆ ಮಾಡಿತು. ಶ್ರೆಡರ್ ಗುಂಪು 6.3ಕ್ಕೆ ಕೈಬಿಟ್ಟಿತು. ಹಾಗಾದರೆ ನೋಡದೆ ಪಕ್ಕಕ್ಕಿಟ್ಟ ಗುಂಪು? ಬರೀ 6.8. ಅಂದರೆ ಕೆಲಸವನ್ನು ಕಡೆಗಣಿಸುವುದಕ್ಕೂ ಚೂರು ಮಾಡುವುದಕ್ಕೂ ಅಂಥ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ತಮಾಷೆ ನೋಡಿ, ಯಾರೂ ನೋಡದಿದ್ದಾಗ ಸುಮ್ನೆ ಗೀಚಿ ಕೊಟ್ಟು ಜಾಸ್ತಿ ದುಡ್ಡು ಎತ್ತಬಹುದಿತ್ತಲ್ವಾ? ಆದರೂ ಬೇಗ ಎದ್ದು ಹೋದರು.

(ತೆರೆಯ ಮೇಲೆ: ಆಫೀಸ್, ಸಂಜೆ)

ಈಗ ಆಫೀಸಿಗೆ ಬನ್ನಿ. ಒಬ್ಬರು ಎರಡು ದಿನ ಕೂತು ರಿಪೋರ್ಟ್ ಮಾಡಿ ಕಳಿಸುತ್ತಾರೆ. ಮ್ಯಾನೇಜರ್ ಕಡೆಯಿಂದ ಒಂದು ಹೆಬ್ಬೆಟ್ಟಿನ ಎಮೋಜಿ. ಮರುದಿನ ಮೀಟಿಂಗ್‌ನಲ್ಲಿ ಅದೇ ಮ್ಯಾನೇಜರ್, ರಿಪೋರ್ಟಿನ ಎರಡನೇ ಪುಟದಲ್ಲೇ ಇರುವ ಅಂಕಿಯನ್ನು "ಅದೆಷ್ಟು ಬಂತು?" ಅಂತ ಕೇಳುತ್ತಾರೆ. ಮುಂದಿನ ರಿಪೋರ್ಟ್ ಹೇಗಿರುತ್ತದೆ ಹೇಳಿ? ಹಳೆಯದನ್ನೇ ತೆರೆದು ತಾರೀಕು ಬದಲಾಯಿಸಿರುತ್ತಾರೆ.

ಹಾಗಂತ, ಸಂಬಳ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಸಂಬಳ, ಕೆಲಸದ ಪರಿಸ್ಥಿತಿ ಕೆಟ್ಟಿದ್ದರೆ ಜನ ಬೇಸರಪಡುತ್ತಾರೆ. ಅವು ಸರಿಯಾದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಹುರುಪು ತರುವುದು ಸಾಧಿಸಿದ ಖುಷಿ, ಗುರುತಿಸುವವರು, ಜವಾಬ್ದಾರಿ. ಅದು ಬೇರೆಯೇ ಲೆಕ್ಕ. ಸಂಬಳ ಏರಿಸದೆ ಬರೀ ಚಪ್ಪಾಳೆ ಹೊಡೆಯುವವರು ಈ ಮಾತಿನ ಮೊದಲರ್ಧವನ್ನೂ ಕೇಳಿಸಿಕೊಳ್ಳಬೇಕು.

ಇನ್ನು ಹೊಗಳಿಕೆ. "ಸೂಪರ್, ಗುಡ್ ಜಾಬ್" ಅಂತ ಎಲ್ಲರಿಗೂ ಹಂಚಿದರೆ ಅದೂ ನೋಡದೆ ರಾಶಿಗೆ ಹಾಕಿದ ಹಾಗೆಯೇ. "ಮೂರನೇ ಪುಟದ ಹೋಲಿಕೆ ಚೆನ್ನಾಗಿದೆ, ಆದರೆ ಕೊನೆಯ ಲೆಕ್ಕ ತಾಳೆ ಆಗುತ್ತಿಲ್ಲ" ಅನ್ನಿ. ತಪ್ಪು ತೋರಿಸಿದರೂ ಪರವಾಗಿಲ್ಲ, ಓದಿದ್ದೀರಿ ಅಂತ ಗೊತ್ತಾಗುತ್ತದೆ.

"ಹತ್ತು ಜನರ ತಂಡ, ಎಲ್ಲವನ್ನೂ ಓದಲು ಟೈಮ್ ಎಲ್ಲಿದೆ?" ಅಂತೀರಾ? ನ್ಯಾಯವಾದ ಪ್ರಶ್ನೆ. ನೀವು ಪ್ರತಿ ವಾರ ತರಿಸಿಕೊಳ್ಳುವ ರಿಪೋರ್ಟ್‌ಗಳ ಪಟ್ಟಿ ಮಾಡಿ. ಕಳೆದ ತಿಂಗಳು ತೆರೆದೇ ನೋಡದವು ಯಾವು ಅಂತ ಗುರುತು ಹಾಕಿ. ಅವನ್ನು ಈ ವಾರದಿಂದಲೇ ನಿಲ್ಲಿಸಿ, ನಿಲ್ಲಿಸಿದ್ದೇವೆ ಅಂತ ತಂಡಕ್ಕೂ ಹೇಳಿಬಿಡಿ.