ಗಣಿಯ ಗೇಟು ತೆರೆಸಿದ ರೈತರು

ಕೇಳುಗರೇ, ನಮಸ್ಕಾರ.

ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಜಿನ್ಜು ಅಂತ ಒಂದು ನದಿ. ಅದರ ನೀರು ಹಾಯುವ ಕಡೆಯೆಲ್ಲ ಭತ್ತದ ಗದ್ದೆ. ಅಲ್ಲಿನ ಹೆಂಗಸರಿಗೆ, ಅದರಲ್ಲೂ ನಡುವಯಸ್ಸು ದಾಟಿದ ತಾಯಂದಿರಿಗೆ, ಒಂದು ಕಾಯಿಲೆ ಅಂಟಿಕೊಂಡಿತು. ಜೋರಾಗಿ ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. 'ಇತಾಯ್, ಇತಾಯ್' ಅಂತ ನರಳುತ್ತಿದ್ದರು. ಅಂದರೆ ನೋವು, ನೋವು. ಕಾಯಿಲೆಗೂ ಅದೇ ಹೆಸರು ಬಿತ್ತು.

ಕಾರಣ ಇದ್ದದ್ದು ಮೇಲಿನ ಬೆಟ್ಟದಲ್ಲಿ. ಕಮಿಯೋಕಾದಲ್ಲಿ ಮಿತ್ಸುಯಿ ಕಂಪನಿಯ ಸತು ಮತ್ತು ಸೀಸದ ಗಣಿ ಇತ್ತು. ಅಲ್ಲಿಂದ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ನದಿಗೆ ಸೇರಿತು, ಕಾಲುವೆ ಹಿಡಿದು ಗದ್ದೆಗೆ ಬಂತು, ಅಕ್ಕಿಯಲ್ಲಿ ಕೂತಿತು. ದಿನಾ ಉಣ್ಣುವ ಅನ್ನವೇ ಮೂತ್ರಪಿಂಡವನ್ನೂ ಮೂಳೆಯನ್ನೂ ತಿಂದುಹಾಕಿತು.

1968ರಲ್ಲಿ ಊರಿನವರು ಕೋರ್ಟಿಗೆ ಹೋದರು. 1972ರ ಆಗಸ್ಟ್ 9ರಂದು ಮೇಲ್ಮನವಿಯಲ್ಲೂ ಗೆದ್ದರು. ಪರಿಹಾರ ಸಿಕ್ಕಿತು, ಸರಿ. ಆದರೆ ನನ್ನ ಮನಸ್ಸು ಹಿಡಿದದ್ದು ಆಮೇಲಿನ ಮಾತು. ಅವರು ಟೋಕಿಯೋದಲ್ಲಿ ಕಂಪನಿಯವರ ಎದುರು ಕೂತು ಒಪ್ಪಂದ ಬರೆಸಿಕೊಂಡರು. ಊರಿನವರು ಯಾವಾಗ ಬೇಕಾದರೂ ಗಣಿಯೊಳಗೆ ಬಂದು ನೋಡಬಹುದು. ಜೊತೆಗೆ ಬರುವ ತಜ್ಞರು ಯಾರು ಅನ್ನುವುದು ಊರಿನವರ ಆಯ್ಕೆ. ಖರ್ಚು ಕಂಪನಿಯದು. ಕೇಳಿದ ಲೆಕ್ಕಪತ್ರವನ್ನೂ ಕೊಡಬೇಕು.

ಸುಮ್ನೆ ಕಾಗದದ ಮಾತಲ್ಲ ಇದು. ವರ್ಷ ವರ್ಷವೂ ರೈತರು, ವಕೀಲರು, ವಿಜ್ಞಾನಿಗಳು ಒಟ್ಟಿಗೆ ಒಳಗೆ ಹೋದರು. ನೀರು ಎಲ್ಲಿ ಸೋರುತ್ತದೆ, ಹೊಗೆಯಲ್ಲಿ ಏನಿದೆ ಅಂತ ಒಂದೊಂದನ್ನೂ ಕೆದಕಿದರು. ಕಂಪನಿಯ ಎಂಜಿನಿಯರುಗಳೂ ಅವರ ಜೊತೆ ಕೂತು ದಾರಿ ಹುಡುಕಿದರು. ನದಿಯಲ್ಲಿ ಕ್ಯಾಡ್ಮಿಯಂ ಸಹಜ ಮಟ್ಟದ ಹತ್ತಿರಕ್ಕೆ ಇಳಿಯಿತು.

ನಮ್ಮ ವೃಷಭಾವತಿಯೂ ಬೆಂಗಳೂರಿನ ಕೊಳಕು ಹೊತ್ತು ಬೈರಮಂಗಲ ಕೆರೆಗೆ ಹೋಗುತ್ತದೆ ಅಲ್ವಾ? ಕೆರೆಯ ಕೆಳಗೆ ಬೆಳೆ ತೆಗೆಯುವವರಿಗೆ ಮೇಲಿನ ಕಾರ್ಖಾನೆಗಳ ಒಳಗೆ ಹೋಗಿ ನೋಡುವ ಇಂಥ ಹಕ್ಕು ಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಮೇಲಿನಿಂದ ವಿಷ ಬರುವುದು ನಿಲ್ಲದೆ ಕೆಳಗೆ ಮಣ್ಣು ಬದಲಿಸಿ ಏನು ಫಲ? ಜಿನ್ಜುವಿನ ಗದ್ದೆಗಳಲ್ಲಿ ಕೆಟ್ಟ ಮಣ್ಣನ್ನು ಬಗೆದು ಅಡಿಯಲ್ಲಿ ಹೂತರು. ಅದರ ಮೇಲೆ ಬೇರೆ ಕಡೆಯ ಒಳ್ಳೆ ಮಣ್ಣು ಹರಡಿದರು. ಕಂಪನಿ, ಸರ್ಕಾರ ಎರಡೂ ಹಣ ಹಾಕಿದವು. 863 ಹೆಕ್ಟೇರ್ ಗದ್ದೆ, ಅಂದರೆ 2100 ಎಕರೆಗೂ ಜಾಸ್ತಿ. ಕೆಲಸ ಮುಗಿದದ್ದು 2012ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಗಣಿಗಾರಿಕೆ 2001ರಲ್ಲೇ ನಿಂತಿದೆ. ಆದರೆ ಅದಿರಿನ ಕಸ ತುಂಬಿದ ದೊಡ್ಡ ಕಟ್ಟೆಗಳು ಬೆಟ್ಟದ ಮೇಲೆ ಹಾಗೇ ಇವೆ. ಮಳೆ ಅವುಗಳ ಮೇಲೂ ಬೀಳುತ್ತದೆ. ಹಾಗಾಗಿ ಗಣಿ ನಿಂತ ಮೇಲೂ ಊರಿನವರು ಬೆಟ್ಟ ಹತ್ತುವುದನ್ನು ಬಿಡಲಿಲ್ಲ.